ಒಂಟೆಯ ಸಿಲಿಂಡರು

“‘ಹೇಳೋಕಾಗಲ್ಲ’ ಅಂತ ಬರ್ಕೊಳ್ಳೋಕಾಗಲ್ಲ ಮೇಷ್ಟ್ರೇ. ಒಂದು ಸಿಲಿಂಡರು ಎಷ್ಟು ನಿಮಿಷ ಬರುತ್ತೆ? ಅಷ್ಟು ಹೇಳಿ ಸಾಕು,” ಎಂದು ಆಕೆ ಮೂರನೆಯ ಸಲ ಕೇಳಿದರು.

ಅರವತ್ತೆರಡು ವರ್ಷದ ಹೆಂಗಸು. ಕಪ್ಪು ರಬ್ಬರಿನ ಉಡುಪನ್ನು ಸೊಂಟದವರೆಗೆ ಏರಿಸಿಕೊಂಡು, ತೋಳುಗಳನ್ನು ಇನ್ನೂ ತೂರಿಸದೆ, ಡೈವಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಮೊಣಕಾಲ ಮೇಲೆ ನೋಟುಪುಸ್ತಕ ಬಿಡಿಸಿದ್ದರು. ಒಂದು ಕಾರ್ಖಾನೆಯ ಗೇಟಿನ ಪಕ್ಕದ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತು, ಒಳಗೆ ಬಂದವರ, ಹೊರಗೆ ಹೋದವರ ಹೊತ್ತನ್ನು ಬರೆದಿಟ್ಟು ನಿವೃತ್ತರಾದವರು. ಎಂಟು ಗಂಟೆ ಎರಡು ನಿಮಿಷಕ್ಕೆ ಬಂದವನನ್ನು ಎಂಟಕ್ಕೆ ಬಂದ ಎಂದು ಬರೆದವರಲ್ಲ. ನಿವೃತ್ತಿಯಾದ ಮೇಲೆ ಜನ ಸಾಮಾನ್ಯವಾಗಿ ಮೊಮ್ಮಕ್ಕಳನ್ನೋ ಮೊಣಕಾಲನ್ನೋ ನೋಡಿಕೊಳ್ಳುತ್ತಾರೆ. ಇವರು ಸಮುದ್ರದ ತಳ ನೋಡಲು ಬಂದಿದ್ದರು. ನಾಲ್ಕು ದಿನದ ತರಬೇತಿಯಲ್ಲಿ ಇವತ್ತಿನದು ಕೊನೆಯ ಡೈವು. ಇದಾದರೆ ಡೈವರ್ ಎಂಬ ಕಾರ್ಡು ಕೈಗೆ.

“ಮೇಡಂ, ಒಂದು ಕೊಡ ನೀರು ಎಷ್ಟು ದಿನ ಬರುತ್ತೆ ಅಂದ್ರೆ, ಮನೇಲಿ ಎಷ್ಟು ಜನ ಅಂತ ಕೇಳಲ್ವಾ?” ಎಂದ ಅವರಿಗೆ ಕಲಿಸುತ್ತಿದ್ದ ಗೈಡು.

“ಕೇಳ್ತೀನಿ. ಕೇಳಿ ಬರ್ಕೋತೀನಿ.”

ಗೈಡು ನಿಟ್ಟುಸಿರು ಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಯನ್ನು ಕೇಳದ ಗಿರಾಕಿಯೇ ಇಲ್ಲ. ಆದರೆ ಪೆನ್ನು ಹಿಡಿದು ಕೇಳಿದವರು ಇವರೊಬ್ಬರೇ. ಇನ್ನೂರು ಬಾರ್ ಒತ್ತಡಕ್ಕೆ ತುಂಬಿದ ಸಿಲಿಂಡರು, ಹೆಚ್ಚು ಆಳವಿಲ್ಲದ ಕಡೆ, ಗಾಬರಿಯಿಲ್ಲದ ಮನುಷ್ಯನಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬರುತ್ತದೆ. ಹತ್ತು ಮೀಟರು ಇಳಿದರೆ ನೀರಿನ ಮೇಲ್ಮೈಯಲ್ಲಿ ಬರುವುದರ ಅರ್ಧ ಹೊತ್ತು, ಇನ್ನೂ ಇಳಿದರೆ ಇನ್ನೂ ಕಡಿಮೆ. ಮೊದಲ ಸಲ ಇಳಿದು ಕೈಕಾಲು ಬಡಿಯುವವನು ಅದನ್ನೇ ಇಪ್ಪತ್ತೈದು ನಿಮಿಷದಲ್ಲಿ ಮುಗಿಸುತ್ತಾನೆ. ಕೊನೆಯ ಐವತ್ತು ಬಾರ್ ಇರುವಾಗಲೇ ಮೇಲೆ ಬಂದಿರಬೇಕು, ಅದು ಲೆಕ್ಕಕ್ಕಿಲ್ಲ. ಇದನ್ನೆಲ್ಲ ಆತ ಬಾಯಿಪಾಠದಂತೆ ಒಪ್ಪಿಸಿದ. ಆಕೆ ಎಲ್ಲವನ್ನೂ ಬರೆದುಕೊಂಡು ತಲೆಯೆತ್ತಿದರು.

“ಸರಿ. ನಿಮಗೆ ಎಷ್ಟು ಬರುತ್ತೆ?”

ಗೈಡು ನೀರಿನಲ್ಲಿ ಮುಳುಗಲು ಕಟ್ಟುವ ಬೆಲ್ಟಿನ ಸೀಸದ ಬಿಲ್ಲೆಗಳನ್ನು ಎಣಿಸುವುದರಲ್ಲಿ ಮುಳುಗಿದ. ಉತ್ತರ ಕೊಟ್ಟವನು ಕೌಂಟರಿನ ಹಿಂದಿದ್ದ ಮಾಲೀಕ. “ಅವರನ್ನ ಕೇಳ್ಬೇಡಿ ಮೇಡಂ. ಅವರು ಒಂಟೆ. ಒಂದ್ಸಲ ಮೂಗಿಗೆ ಗಾಳಿ ತೋರಿಸಿದ್ರೆ ವಾರ ಬರುತ್ತೆ.”

ಆ ಅಡ್ಡಹೆಸರು ಆತನಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಒಂಟೆಯನ್ನೇ ಕಾಣದ ಆ ಕರಾವಳಿಯಲ್ಲಿ ಒಂಟೆಯಣ್ಣ ಎಂದರೆ ಇವನೊಬ್ಬನೇ. ಎಲ್ಲರೂ ಅರುವತ್ತು ಎಪ್ಪತ್ತು ಉಳಿಸಿಕೊಂಡು ಮೇಲೆ ಬಂದರೆ ಇವನ ಸಿಲಿಂಡರಿನಲ್ಲಿ ನೂರಿಪ್ಪತ್ತು ಇರುತ್ತಿತ್ತು. ಮೂವತ್ತೆರಡರ ಈ ಮಾಲೀಕನಿಗೆ ಏಳನೇ ವಯಸ್ಸಿನಲ್ಲಿ ಈಜು ಕಲಿಸಿದವನೂ ಇವನೇ. ಗಿರಾಕಿಗಳ ಎದುರು ಒಂಟೆಯ ಮಹಿಮೆ ಹೇಳುವುದು ಮಾಲೀಕನಿಗೆ ಜಾಹೀರಾತೂ ಹೌದು, ಅಭಿಮಾನವೂ ಹೌದು.

ಆ ಮಹಿಮೆಗೆ ಸಾಕ್ಷಿಯಾಗಿ ಗೋಡೆಯ ಮೇಲೊಂದು ಕರಿಹಲಗೆ. ಬೋಟಿನಿಂದ ಇಳಿದವರು ತಮ್ಮ ತಮ್ಮ ಮೀಟರು ನೋಡಿ, ಉಳಿದ ಗಾಳಿ ಎಷ್ಟೆಂದು ಗಟ್ಟಿಯಾಗಿ ಓದಿ, ಸೀಮೆಸುಣ್ಣದಲ್ಲಿ ಬರೆಯಬೇಕು. ಇನ್ನೊಬ್ಬರ ಮೀಟರನ್ನು ಯಾರೂ ಇಣುಕಿ ನೋಡುವುದಿಲ್ಲ. ಅದು ಒಂದು ಮರ್ಯಾದೆ. ಹಲಗೆಯ ಮೇಲ್ಭಾಗದಲ್ಲಿ ಬಿಳಿ ಬಣ್ಣದಲ್ಲಿ ಬರೆದ ನಿಯಮ: ಐವತ್ತಕ್ಕಿಂತ ಕಡಿಮೆ ತಂದ ಗಿರಾಕಿ ಆ ದಿನ ಮತ್ತೆ ಇಳಿಯುವಂತಿಲ್ಲ, ಐವತ್ತಕ್ಕಿಂತ ಕಡಿಮೆ ತಂದ ಗೈಡು ವೈದ್ಯರ ಚೀಟಿ ತರುವವರೆಗೆ ಇಳಿಯುವಂತಿಲ್ಲ. ಎಂಟು ವರ್ಷದ ಕೆಳಗೆ, ಶೋಕಿಗೆ ಬಿದ್ದ ಎಳೆಯ ಗೈಡುಗಳನ್ನು ಹದ್ದುಬಸ್ತಿನಲ್ಲಿಡಲು ಒಂಟೆಯೇ ಯೋಚಿಸಿ, ಒಂಟೆಯೇ ಏಣಿ ಹತ್ತಿ ಬರೆದದ್ದು.

ಅಂಗಡಿಯ ಹಿಂದೆ ತಗಡಿನ ಶೆಡ್ಡು. ಅಲ್ಲಿ ಕಂಪ್ರೆಸರು, ನೀರಿನ ತೊಟ್ಟಿ, ಮತ್ತು ಒಂಟೆಯ ಅಕ್ಕ. ಕಿವಿಗೆ ಹತ್ತಿ ತುರುಕಿಕೊಂಡು ದಿನಕ್ಕೆ ಇಪ್ಪತ್ತು ಸಿಲಿಂಡರಿಗೆ ಗಾಳಿ ತುಂಬುವುದು ಆಕೆಯ ಕೆಲಸ. ಹಲಗೆಯ ಮೇಲೆ ಯಾರು ಏನೇ ಬರೆಯಲಿ, ಸಿಲಿಂಡರು ಕೊನೆಗೆ ಬರುವುದು ಇವಳ ಕೊಳವೆಗೆ. ಯಾರು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾರೆ, ಯಾರು ಸಿಗರೇಟು ಬಿಟ್ಟೆ ಎಂದು ಸುಳ್ಳು ಹೇಳುತ್ತಿದ್ದಾರೆ ಎಂಬುದೆಲ್ಲ ಮುಳ್ಳು ಎಲ್ಲಿ ನಿಂತಿದೆ ಎಂಬುದರಿಂದಲೇ ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಆಡುವವಳಲ್ಲ. ಆ ಸದ್ದಿನಲ್ಲಿ ಆಡಿದರೂ ಕೇಳುವವರಿರಲಿಲ್ಲ.

ತಮ್ಮನ ಮುಳ್ಳು ಕೆಳಗಿಳಿಯತೊಡಗಿ ನಾಲ್ಕು ತಿಂಗಳಾಗಿತ್ತು. ನೂರಿಪ್ಪತ್ತು ತೊಂಬತ್ತಾಯಿತು, ತೊಂಬತ್ತು ಅರುವತ್ತಾಯಿತು. ಹಲಗೆಯ ಮೇಲೆ ಮಾತ್ರ ನೂರಿಪ್ಪತ್ತೇ ಇತ್ತು. ಒಂದು ದಿನ ಆತ ಶೆಡ್ಡಿಗೆ ಬಂದು, ಯಾವುದೋ ಹಳೆಯ ಬಕೆಟ್ಟನ್ನು ನೋಡುತ್ತ, “ಅಕ್ಕಾ, ನಂದಕ್ಕೆ ಒಂಚೂರು ಜಾಸ್ತಿ ಹಾಕು,” ಎಂದಿದ್ದ.

“ಎಷ್ಟು?”

“ಇನ್ನೂರ ಇಪ್ಪತ್ತೈದು. ಕತ್ತಿನ ಮೇಲೆ ಇನ್ನೂರ ಮೂವತ್ತೆರಡರವರೆಗೆ ತುಂಬಬಹುದು ಅಂತ ಅಚ್ಚು ಹಾಕಿದ್ದಾರಲ್ಲ, ತಡ್ಕೊಳುತ್ತೆ.”

“ಸಿಲಿಂಡರು ತಡ್ಕೊಳುತ್ತೆ. ನಿನ್ನ ಕತ್ತಿನ ಮೇಲೆ ಏನು ಅಚ್ಚು ಹಾಕಿದ್ದಾರೆ?”

ಆದರೂ ಹಾಕಿಕೊಟ್ಟಳು. ಗುರುತಿಗೆ ಅವನ ಸಿಲಿಂಡರಿನ ಕತ್ತಿಗೆ ಒಂದು ಸುತ್ತು ಕೆಂಪು ಟೇಪು ಸುತ್ತಿದಳು. ಮುಖಕ್ಕೆ ಮುಖ ಕೊಟ್ಟು ಅವರಿಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ. ತಮ್ಮನ ವಾಸ ಮೇಲಿನ ಮಹಡಿಯಲ್ಲಿ, ಅಕ್ಕನದು ಕೆಳಗಿನ ಕೋಣೆಯಲ್ಲಿ, ನಡುವೆ ಹದಿನಾಲ್ಕು ಮೆಟ್ಟಿಲು. ಕಳೆದ ವಾರದಿಂದ ತಮ್ಮನ ಹೆಜ್ಜೆ ಏಳನೆಯ ಮೆಟ್ಟಿಲಲ್ಲಿ ನಿಲ್ಲುತ್ತಿತ್ತು. ಅಲ್ಲಿ ನಿಂತು ಬೀಗದ ಕೈ ಹುಡುಕುವವನಂತೆ ಜೇಬು ಸದ್ದು ಮಾಡುತ್ತಿದ್ದ. ಬೀಗದ ಕೈ ಯಾವಾಗಲೂ ಬಾಗಿಲ ಮೇಲಿನ ಗೂಡಿನಲ್ಲಿರುತ್ತದೆಂದು ಇಡೀ ಮನೆಗೆ ಗೊತ್ತು.

ಈ ದಿನ ಬೆಳಿಗ್ಗೆ ಅಕ್ಕ ಮುಳ್ಳು ಇನ್ನೂರಕ್ಕೆ ಬಂದದ್ದೇ ಕವಾಟ ಮುಚ್ಚಿದಳು. ಕೆಂಪು ಟೇಪನ್ನು ಉಗುರಿನಿಂದ ಕೆರೆದು ಕಿತ್ತು ಸೆರಗಿಗೆ ಅಂಟಿಸಿಕೊಂಡಳು. ಹೇಳಿಯೇ ಬಿಡೋಣ ಎಂದು ಬೋಟಿನವರೆಗೆ ಸಿಲಿಂಡರು ತಂದಳು; ಅಲ್ಲಿ ಮಾಲೀಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಮಾತು ನುಂಗಿಕೊಂಡು, “ಮೀಟರು ನೋಡ್ಕೋ,” ಎಂದಷ್ಟೇ ಹೇಳಿ ಹಿಂತಿರುಗಿದಳು.

ಟೇಪು ಇಲ್ಲದ್ದನ್ನು ತಮ್ಮ ಗಮನಿಸಿದ. ಉಪ್ಪುನೀರಿಗೆ ಕಳಚಿರಬೇಕು ಎಂದುಕೊಂಡ. ಮೀಟರು ಮಾತ್ರ ನೋಡಲಿಲ್ಲ. ಇಳಿಯುವ ಮೊದಲು ಮೀಟರು ನೋಡಿ ಎಂದು ದಿನಕ್ಕೆ ಎಂಟು ಸಲ ಊರಿಗೆಲ್ಲ ಹೇಳುವ ಆತ, ತಾನು ಅದನ್ನು ನೋಡುವುದನ್ನು ಈಚೆಗೆ ಬಿಟ್ಟಿದ್ದ. ದಪ್ಪಗಾದವರು ತೂಕದ ಯಂತ್ರದ ಕಡೆ ನೋಡದೆ ದಾಟುವುದಿಲ್ಲವೇ, ಹಾಗೆ.

ಒಂಬತ್ತು ನಲವತ್ತನಾಲ್ಕಕ್ಕೆ ಅವರಿಬ್ಬರೂ ಲಂಗರಿನ ಹಗ್ಗ ಹಿಡಿದು ಇಳಿದರು. ಹೊತ್ತನ್ನು ಬರೆದವರು ಆಕೆ. ಮಣಿಕಟ್ಟಿಗೆ ಕಟ್ಟಿಕೊಂಡ ಪ್ಲಾಸ್ಟಿಕ್ ಸ್ಲೇಟಿನ ಮೇಲೆ, ತಳ ಮುಟ್ಟುವ ಮೊದಲೇ.

ಹನ್ನೆರಡು ಮೀಟರಿನಲ್ಲಿ ಮರಳು, ಮರಳಿನ ನಡುವೆ ಬಂಡೆಗಳು, ಬಂಡೆಗಳ ಸಂದಿಯಲ್ಲಿ ತಮ್ಮ ಪಾಡಿಗೆ ತಾವಿದ್ದ ಮೀನುಗಳು. ಆಕೆ ಉಸಿರಾಡುತ್ತಿದ್ದ ರೀತಿಯನ್ನು ಗೈಡು ಮೊದಲ ದಿನದಿಂದಲೂ ಗಮನಿಸಿದ್ದ. ಎಳೆದುಕೊಂಡು, ನಿಧಾನವಾಗಿ ಬಿಟ್ಟು, ಇನ್ನೊಂದು ಬೇಕೇ ಎಂದು ಯೋಚಿಸಿ, ಆಮೇಲೆ ಮತ್ತೊಂದು. ಗೇಟಿನ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಗದ್ದಲದ ನಡುವೆ ಅಲುಗಾಡದೆ ಕೂತವರ ಉಸಿರು ಅದು. ತನ್ನ ಗುಳ್ಳೆಗಳು ಮಾತ್ರ ಒಂದರ ಹಿಂದೊಂದು, ಒಲೆಯ ಮೇಲಿಟ್ಟ ಪಾತ್ರೆಯಂತೆ ಏಳುತ್ತಿದ್ದವು. ಅದನ್ನು ಆತ ನೋಡಲಿಲ್ಲ. ನೋಡಬಾರದೆಂದು ಮುಂದೆ ಮುಂದೆ ಈಜಿದ.

ತಿರುಗಿ ಬರುವಾಗ ಸೆಳೆತ ಎದುರಾಯಿತು. ಹಗ್ಗ ಇನ್ನೂ ನಲವತ್ತು ಮೀಟರು ದೂರ. ಕಾಲಿನ ರೆಕ್ಕೆಗಳನ್ನು ಬಲವಾಗಿ ಬಡಿಯುತ್ತಿದ್ದಾಗ ಆಕೆ ಪಕ್ಕಕ್ಕೆ ಬಂದು ಆತನ ಭುಜ ತಟ್ಟಿದರು. ತಮ್ಮ ಮೀಟರು ತೋರಿಸಿದರು: ನೂರಿಪ್ಪತ್ತು. ಆಮೇಲೆ ಅವನ ಮೀಟರಿನತ್ತ ಬೆರಳು ಮಾಡಿ, ಅಂಗೈ ಮೇಲೆ ಎರಡು ಬೆರಳು ಬಡಿದು, ‘ನಿಮ್ಮದೆಷ್ಟು?’ ಎಂದು ಸನ್ನೆ ಮಾಡಿದರು. ಗಿರಾಕಿ ಗೈಡನ್ನು ಹಾಗೆ ಕೇಳುವ ಪದ್ಧತಿಯೇ ಇಲ್ಲ. ಸ್ಲೇಟಿನಲ್ಲಿ ಎರಡು ಕಾಲಮ್ಮು ಎಳೆದಿದ್ದರು, ಒಂದು ಖಾಲಿ ಉಳಿಯುವುದನ್ನು ಅವರಿಗೆ ಸಹಿಸಲಾಗಲಿಲ್ಲ, ಅಷ್ಟೇ.

ಗೈಡು ಮೀಟರು ಎತ್ತಿ ನೋಡಿದ. ಮೂವತ್ತು.

ಮೊದಲು ಅದನ್ನು ನಂಬಲಿಲ್ಲ, ತಟ್ಟಿ ನೋಡಿದ. ಆಮೇಲೆ ಟೇಪಿನ ನೆನಪಾಯಿತು. ‘ಮೀಟರು ನೋಡ್ಕೋ’ ಎಂದ ಅಕ್ಕನ ಮುಖ ನೆನಪಾಯಿತು. ಇದ್ದಲ್ಲಿಂದಲೇ ನೇರ ಮೇಲೆ ಹೋಗುವಂತಿಲ್ಲ, ಮೇಲೆ ಮೀನುಗಾರಿಕೆಯ ಬೋಟುಗಳು ಓಡಾಡುವ ದಾರಿ. ಹಗ್ಗದ ಬಳಿ ಹೋಗಬೇಕು, ಏರುವಾಗ, ಮೈ ಒತ್ತಡದ ಇಳಿತಕ್ಕೆ ಹೊಂದಿಕೊಳ್ಳಲೆಂದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಆಕೆಗೆ ‘ಸರಿಯಿದೆ’ ಎಂದು ಸನ್ನೆ ಮಾಡಿ, ತಲೆ ತಗ್ಗಿಸಿ, ಇನ್ನಷ್ಟು ಜೋರಾಗಿ ಬಡಿದ. ಎರಡು ನಿಮಿಷ ಬಡಿದ. ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಮುಳ್ಳು ಇಪ್ಪತ್ತರಲ್ಲಿತ್ತು. ಹಗ್ಗ ಹಾಗೇ ದೂರದಲ್ಲಿತ್ತು.

ಆಗ ಆತ ತಿರುಗಿ, ಇಪ್ಪತ್ತಾರು ವರ್ಷ ಇತರರಿಗೆ ಕಲಿಸಿದ ಸನ್ನೆಯನ್ನು ಮೊದಲ ಸಲ ತನಗಾಗಿ ಮಾಡಿದ. ಅಂಗೈಯನ್ನು ಕತ್ತಿನ ಮೇಲೆ ಅಡ್ಡ ಎಳೆದ: ಗಾಳಿ ಇಲ್ಲ.

ಆಕೆಯ ಕಣ್ಣುಗಳು ಮಾಸ್ಕಿನೊಳಗೆ ಅರಳಿದವು. ಗಾಬರಿಯಿಂದಲ್ಲ; ಕಾಯುತ್ತಿದ್ದ ಪ್ರಶ್ನೆ ಪ್ರಶ್ನೆಪತ್ರಿಕೆಯಲ್ಲಿ ಬಂದಾಗ ಅರಳುವಂತೆ. ಎರಡನೆಯ ದಿನ ಈಜುಕೊಳದಲ್ಲಿ ಇದೇ ಪಾಠದಲ್ಲಿ, ಇನ್ನೊಬ್ಬರಿಗೆ ಗಾಳಿ ಕೊಡಲೆಂದಿರುವ ಹೆಚ್ಚುವರಿ ಕೊಳವೆಯನ್ನು ತಲೆಕೆಳಗಾಗಿ ಕೊಟ್ಟು ಅವರು ಎರಡು ಸಲ ತಪ್ಪಿದ್ದರು. ಈ ಸಲ ತಪ್ಪಲಿಲ್ಲ. ಹಳದಿ ಕೊಳವೆಯನ್ನು ಕೊಕ್ಕೆಯಿಂದ ಬಿಡಿಸಿ, ಸರಿಯಾದ ದಿಕ್ಕಿಗೆ ತಿರುಗಿಸಿ, ತೋಳನ್ನು ಪೂರ್ತಿ ಚಾಚಿ, ಆತನ ಬಾಯಿಯ ಮುಂದೆ ಹಿಡಿದರು. ಆತ ಕಚ್ಚಿ ಎಳೆದ. ಗಾಳಿ ಬಂತು. ಪಾಠದಲ್ಲಿದ್ದಂತೆ ಪರಸ್ಪರ ಮಣಿಕಟ್ಟು ಹಿಡಿದುಕೊಂಡರು. ಆಕೆ ಬಿಡುವಾದ ಬೆರಳುಗಳಲ್ಲೇ ಸ್ಲೇಟಿನ ಮೇಲೆ ‘10.16’ ಎಂದು ಗೀಚಿದರು.

ಸೆಳೆತದ ವಿರುದ್ಧ ಅವನನ್ನು ಹಗ್ಗದವರೆಗೆ ತಂದದ್ದು ಹೆಚ್ಚುಕಡಿಮೆ ಆಕೆಯೇ. ಐದು ಮೀಟರಿನಲ್ಲಿ ಮೂರು ನಿಮಿಷ, ಒಂದೇ ಸಿಲಿಂಡರಿಗೆ ಕಟ್ಟಿಹಾಕಿದ ಎರಡು ಪ್ರಾಣಿಗಳಂತೆ ಎದುರುಬದುರು ತೂಗಾಡಿದರು. ಆಕೆ ವಾಚು ನೋಡುತ್ತಿದ್ದರು. ಆತ ಆಕೆಯ ಗುಳ್ಳೆಗಳನ್ನು ನೋಡುತ್ತಿದ್ದ. ಆಕೆಯದು ಒಂದು ಏಳುವಷ್ಟರಲ್ಲಿ ತನ್ನವು ಮೂರು.

ಬೋಟಿಗೆ ಹತ್ತಿ ಮಾಸ್ಕು ಕಿತ್ತದ್ದೇ ಆಕೆ ಕೇಳಿದರು: “ಪಾಸಾ, ಫೇಲಾ?”

ಬೋಟು ನಡೆಸುವವ ಹಗ್ಗ ಎಳೆಯುತ್ತ ಹಲ್ಲು ಬಿಟ್ಟ. “ಕೊನೇ ದಿನಾನೂ ಬಿಡ್ಲಿಲ್ವಾ ಒಂಟೆಯಣ್ಣ? ಪಾಪ, ವಯಸ್ಸಾದೋರ ಮೇಲೆ ನಾಟಕ ಮಾಡ್ತೀರಲ್ಲ!”

ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟಂತೆ ಒಂದು ಸುಳ್ಳು ಎದುರಿಗೆ ಬಂದು ಕೂತಿತ್ತು. ಅದನ್ನು ಹೇಳುವ ಕಷ್ಟವೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಗೈಡು ಟವಲಿನಿಂದ ಮುಖ ಒರೆಸಿದ, ಒರೆಸುತ್ತಲೇ ಇದ್ದ. “ನೀವು ಪಾಸು ಮೇಡಂ,” ಎಂದ. ಅಷ್ಟು ನಿಜವೇ.

ಆಕೆ ಸ್ಲೇಟನ್ನು ನೋಟುಪುಸ್ತಕಕ್ಕೆ ಇಳಿಸತೊಡಗಿದರು. ಎಡಗೈ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಕೆಂಪು ಗುರುತು ಎದ್ದಿತ್ತು. ಅದನ್ನು ತಿರುಗಿಸಿ ನೋಡಿದರು. “ಈಜುಕೊಳದಲ್ಲಿ ನೀವು ಇಷ್ಟು ಬಿಗಿಯಾಗಿ ಹಿಡಿದಿರ್ಲಿಲ್ಲ.”

“ಇದು ಸಮುದ್ರ ಅಲ್ವಾ ಮೇಡಂ.”

“ಹೌದು. ಸಮುದ್ರ.” ಸ್ವಲ್ಪ ಹೊತ್ತು ಬರೆದರು. ಆಮೇಲೆ, ಯಾರಿಗೋ ಹವಾಮಾನ ಹೇಳುವಂತೆ ಹೇಳಿದರು: “ಗೇಟಲ್ಲಿ ಲೇಟಾಗಿ ಬರೋರಲ್ಲಿ ಎರಡು ಥರ. ಮೂಲೆವರೆಗೆ ಆರಾಮಾಗಿ ಬಂದು, ಅಲ್ಲಿಂದ ಓಡಿ ಬಂದೋರು ಒಂದು. ನಿಜವಾಗ್ಲೂ ಓಡಿ ಬಂದೋರು ಇನ್ನೊಂದು. ಏದುಸಿರು ನೋಡಿದ್ರೆ ನಂಗೆ ಗೊತ್ತಾಗ್ತಿತ್ತು.”

“ಗೊತ್ತಾದ್ರೆ ಏನು ಮಾಡ್ತಿದ್ರಿ?”

“ಇಬ್ಬರಿಗೂ ಲೇಟು ಅಂತಲೇ ಬರೀತಿದ್ದೆ. ನಿಜವಾಗ್ಲೂ ಓಡಿ ಬಂದೋರಿಗೆ ಕುಡಿಯೋಕೆ ನೀರು ಕೊಡ್ತಿದ್ದೆ.” ಪುಸ್ತಕ ಮಡಿಸಿದರು. “ಇಲ್ಲಿ ನಿಮ್ಮ ಕಾಲಮ್ಮು ಖಾಲಿ ಇದೆ. ಪರವಾಗಿಲ್ಲ, ಅಂಗಡೀಲಿ ಹಲಗೆ ನೋಡಿ ತುಂಬ್ಕೋತೀನಿ.”

ದಡದಲ್ಲಿ ಅಕ್ಕ ಕೈಗಾಡಿ ಹಿಡಿದು ನಿಂತಿದ್ದಳು. ತಮ್ಮನ ಸಿಲಿಂಡರನ್ನು ಎತ್ತಿದವಳು ಹಾಗೇ ಒಂದು ಕ್ಷಣ ತಡೆದಳು. ಹತ್ತು ವರ್ಷ ಎತ್ತಿದ ಕೈಗೆ ಗಾಳಿಗೂ ತೂಕವಿದೆ.

“ಟೇಪು ನಾನೇ ಕಿತ್ತೆ,” ಎಂದಳು, ತಗ್ಗಿದ ದನಿಯಲ್ಲಿ.

“ಈಗ ಹೇಳ್ತಿದ್ದೀಯಾ!”

“ಬೆಳಿಗ್ಗೆ ಹೇಳೋಣ ಅಂತಿದ್ದೆ, ಅವನು ಕಂಬದ ಥರ ನಿಂತಿದ್ದ. ನೀನು ಮೀಟರು ನೋಡ್ತೀಯ ಅಂದ್ಕೊಂಡೆ ಕಣೋ.” ಅವಳು ಸಿಲಿಂಡರನ್ನು ಕೈಗಾಡಿಯಲ್ಲಿ ಮಲಗಿಸಿದಳು. “ಹಲಗೆ ಮೇಲೆ ನೀನು ಏನು ಬೇಕಾದ್ರೂ ಬರ್ಕೋ. ನಾನು ಮಾತ್ರ ಇನ್ನೂರರ ಮೇಲೆ ಒಂದು ಗೀಟೂ ಹಾಕಲ್ಲ.”

ಆತ ಅಂಗಡಿಗೆ ನಡೆದ.

ಮಾಲೀಕನಿಗೆ ಸುದ್ದಿ ಆಗಲೇ ಮುಟ್ಟಿತ್ತು. “ಕೊನೇ ದಿನ ಗಾಳಿ ನಿಲ್ಲಿಸಿ ಪರೀಕ್ಷೆ ಮಾಡಿದ್ರಂತೆ! ಎಲ್ಲರೂ ಇವರ ಹತ್ರ ಕಲೀಬೇಕು,” ಎಂದು ನಾಳಿನ ಡೈವಿಗೆ ಹೆಸರು ಬರೆಸಲು ಬಂದಿದ್ದ ಗಂಡಹೆಂಡಿರಿಗೆ ವರ್ಣಿಸುತ್ತಿದ್ದ. ಆಕೆ ಹಲಗೆಗೆ ಹೋಗಿ “ಅರುವತ್ತು” ಎಂದು ಓದಿ ಬರೆದು ಪಕ್ಕಕ್ಕೆ ಸರಿದರು. ಪೆನ್ನಿನ ಮುಚ್ಚಳ ತೆಗೆದು ಕಾದರು.

ಗೈಡು ಸೀಮೆಸುಣ್ಣ ತೆಗೆದುಕೊಂಡ. ಬಾಯಿಬಿಟ್ಟು ಓದಲು ಆಗಲಿಲ್ಲ. ಸುಮ್ಮನೆ ಬರೆದ: 20.

“ಅಣ್ಣಾ, ಮುಂದೆ ಒಂದು ಬಿಟ್ಟೋಯ್ತು,” ಎಂದು ಮಾಲೀಕ ನಗುತ್ತ ಬಂದ. ಇನ್ನೊಂದು ತುಂಡು ಸೀಮೆಸುಣ್ಣ ಹಿಡಿದು, ಎರಡರ ಮುಂದೆ ನೀಟಾಗಿ ಒಂದು ಗೀಟು ಎಳೆದ. 120. ಎಂದಿನ ಅಂಕಿ. ಗಂಡಹೆಂಡಿರು ಮೆಚ್ಚುಗೆಯಿಂದ ತಲೆದೂಗಿದರು.

ಒಂಟೆ ಆ ಅಂಕಿಯನ್ನು ನೋಡುತ್ತ ನಿಂತ. ಇಪ್ಪತ್ತು ವರ್ಷ ತನ್ನದಾಗಿದ್ದ ಅಂಕಿ. ಆಮೇಲೆ ಹೆಬ್ಬೆಟ್ಟನ್ನು ನಾಲಿಗೆಗೆ ತಾಗಿಸಿ, ಆ ಒಂದನ್ನು ಒರೆಸಿದ. ಹೆಬ್ಬೆಟ್ಟು ಬೆಳ್ಳಗಾಯಿತು.

ಮಾಲೀಕನ ನಗು ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. “ಮೀಟರು ಕೆಟ್ಟಿರ್ಬೇಕು ಅಣ್ಣ.”

“ಮೀಟರು ಸರಿಯಾಗಿದೆ.”

“ಅಲ್ಲ… ಆ ರೂಲು ಹೊಸಬರಿಗೆ ಅಂತ ಮಾಡಿದ್ದು…”

“ಕೈಬರಹ ನಂದು ಕಣಪ್ಪ. ಏನು ಬರೆದಿದೆ ಅಂತ ನಂಗೊತ್ತು.”

ಹಿಂದಿನ ಶೆಡ್ಡಿನಲ್ಲಿ ಕಂಪ್ರೆಸರು ಕೆಮ್ಮಿ ಹೊತ್ತಿಕೊಂಡಿತು. ನಿವೃತ್ತ ಗುಮಾಸ್ತೆ ನೋಟುಪುಸ್ತಕದಿಂದ ಕಣ್ಣೆತ್ತಿದರು. “ಇಪ್ಪತ್ತು ಅನ್ನೋದು ಹತ್ತು ಹದಿನಾರರ ಲೆಕ್ಕ, ಅಲ್ವಾ ಮೇಷ್ಟ್ರೇ? ಆಮೇಲೆ ನೀವು ನನ್ನ ಸಿಲಿಂಡರಲ್ಲಿದ್ರಿ.”

“ಹೌದು.”

“ಇಳಿದದ್ದು ಒಂಬತ್ತು ನಲವತ್ತನಾಲ್ಕು. ಅಂದ್ರೆ ನಿಮಗೆ ಮೂವತ್ತೆರಡು ನಿಮಿಷ.” ಬರೆದುಕೊಂಡರು, ಕೆಳಗೊಂದು ಗೆರೆ ಎಳೆದರು. “ಬೆಳಿಗ್ಗೆಯಿಂದ ನಾನು ಇಷ್ಟನ್ನೇ ಕೇಳ್ತಿದ್ದದ್ದು.”

ಎದ್ದುಹೋಗಿ ಮೂಲೆಯ ಹೂಜಿಯಿಂದ ಒಂದು ಲೋಟ ನೀರು ತಂದು ಆತನ ಮುಂದಿಟ್ಟರು. ಆತ ನಿಂತೇ ಕುಡಿದ.

ಮಧ್ಯಾಹ್ನ ಆತ ಶೆಡ್ಡಿಗೆ ಹೋಗಿ, ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೂತ. ಆ ದಿನ ಮಾಡಲು ಬೇರೆ ಕೆಲಸವಿರಲಿಲ್ಲ. ಅಕ್ಕ ಅವನ ಸಿಲಿಂಡರನ್ನು ತೊಟ್ಟಿಯ ನೀರಿಗಿಳಿಸಿ ಕೊಳವೆ ಸಿಕ್ಕಿಸಿದಳು.

“ಕ್ಲಿನಿಕ್ಕು ಎಷ್ಟೊತ್ತಿಗೆ ತೆಗೀತಾರೆ?” ಎಂದು ಆತ ಕೂಗಿ ಕೇಳಿದ.

ಅವಳು ಕಿವಿಯ ಹತ್ತಿ ತೆಗೆಯಲಿಲ್ಲ. ಕೇಳಬೇಕಾದ್ದೇ ಇರಲಿಲ್ಲವೆಂಬಂತೆ ಕೂಗಿದಳು: “ನಾಲ್ಕೂವರೆಗೆ. ಹೋದ ವಾರಾನೇ ಹೆಸರು ಬರೆಸಿದ್ದೀನಿ. ಅಂಗಿ ಬದಲಾಯಿಸ್ಕೊಂಡು ಬಾ.”

ಮುಳ್ಳು ಇಪ್ಪತ್ತರಿಂದ ಮೇಲೇರುತ್ತಿತ್ತು. ನೂರು. ನೂರೈವತ್ತು. ಇನ್ನೂರರ ಹತ್ತಿರ ಬಂದಾಗ ಆತನ ಕೈ ತಾನಾಗಿ ತೊಡೆಯಿಂದ ಸ್ವಲ್ಪ ಎದ್ದು, ಮತ್ತೆ ಕೂತಿತು. ಅಕ್ಕ ಕವಾಟ ಮುಚ್ಚಿದಳು. ಸಿಲಿಂಡರನ್ನು ನೀರಿನಿಂದೆತ್ತಿ, ಗೋಡೆಯ ಬಳಿ ಸಾಲಾಗಿ ನಿಂತಿದ್ದ ಉಳಿದವುಗಳ ನಡುವೆ ನಿಲ್ಲಿಸಿ, ಮುಂದಿನದಕ್ಕೆ ಬಗ್ಗಿದಳು.

ಆತ ಅಂಗಿ ಬದಲಾಯಿಸಲು ಎದ್ದ. ಬಾಗಿಲ ಬಳಿ ತಿರುಗಿ ನೋಡಿದಾಗ, ಹಳದಿ ಬಣ್ಣದ ಇಪ್ಪತ್ತು ಸಿಲಿಂಡರುಗಳು, ಎಲ್ಲವೂ ಒಂದೇ ಎತ್ತರ, ಎಲ್ಲದರ ಮೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ತನ್ನದು ಯಾವುದೆಂದು ಎಡಗಡೆಯಿಂದ ಹುಡುಕುತ್ತ ಬಂದ. ಎಂಟನೆಯದಿರಬೇಕು. ಅಥವಾ ಒಂಬತ್ತನೆಯದು.